ಕಪ್ ಗೆದ್ದ ಮಾಲೀಕ, ಬಾಕಿ ಉಳಿಸಿದ ಮಾಲೀಕ



ಕ್ರೀಡೆಯ ಬಗ್ಗೆ ಉಪನ್ಯಾಸ ಎಂದರೆ ಆಟಗಾರರ ಬಗ್ಗೆಯೋ ಕೋಚುಗಳ ಬಗ್ಗೆಯೋ ಮಾತಾಡುವುದು ವಾಡಿಕೆ. ನಾನು ಇವತ್ತು ಮೈದಾನಕ್ಕೆ ಇಳಿಯದೆ, ಕಪ್ ಎತ್ತುವ ಹೊತ್ತಿಗೆ ಮಾತ್ರ ತಪ್ಪದೆ ವೇದಿಕೆಯಲ್ಲಿ ಕಾಣಿಸಿಕೊಳ್ಳುವ ವ್ಯಕ್ತಿಯ ಬಗ್ಗೆ, ಅಂದರೆ ತಂಡದ ಮಾಲೀಕನ ಬಗ್ಗೆ ಮಾತಾಡುತ್ತೇನೆ. ಒಬ್ಬ ಮಾಲೀಕ ತಂಡವನ್ನು ಮಾರಿದಾಗ, ಕಳೆದುಕೊಂಡಾಗ ಅಥವಾ ತೀರಿಕೊಂಡಾಗ ಮರುದಿನದ ಪತ್ರಿಕೆಯ ಮೊದಲ ಸಾಲಿನಲ್ಲೇ ಒಂದು ಅಂಕಿ ಬರುತ್ತದೆ: ಅವನ ಕಾಲದಲ್ಲಿ ಎಷ್ಟು ಕಪ್. ಬಸ್‌ಸ್ಟಾಂಡಿನ ಹರಟೆಯಲ್ಲೂ ಅದೇ ಅಂಕಿ. ಈ ಅಳತೆ ಸರಿಯಿಲ್ಲ ಎಂದು ನನಗೆ ಬಹಳ ಕಾಲದಿಂದ ಅನಿಸಿದೆ. ಯಾಕೆ ಎಂಬುದನ್ನು ಕೆಲವು ನಿಜ ಘಟನೆಗಳ ಮೂಲಕವೇ ಹೇಳುತ್ತೇನೆ.

2009ರ ಮೇ 24. ಲೋಕಸಭಾ ಚುನಾವಣೆಯ ಕಾರಣ ಆ ವರ್ಷದ ಐಪಿಎಲ್ ದಕ್ಷಿಣ ಆಫ್ರಿಕಾಕ್ಕೆ ಹೋಗಿತ್ತು. ಜೋಹಾನ್ಸ್‌ಬರ್ಗಿನಲ್ಲಿ ಫೈನಲ್, ನಮ್ಮ ರಾಯಲ್ ಚಾಲೆಂಜರ್ಸ್ ಎದುರು ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್. ಮೊದಲ ಓವರನ್ನು ಬೆಂಗಳೂರಿನ ನಾಯಕ ಅನಿಲ್ ಕುಂಬ್ಳೆ ತಾವೇ ಹಾಕಿದರು, ಹೈದರಾಬಾದಿನ ಗಿಲ್‌ಕ್ರಿಸ್ಟ್ ಸೊನ್ನೆಗೆ ಔಟಾದರು. ಕುಂಬ್ಳೆ ಅಂದು 16 ರನ್ನಿಗೆ 4 ವಿಕೆಟ್ ತೆಗೆದರು. ಹರ್ಷೆಲ್ ಗಿಬ್ಸ್ ಒಂದು ತುದಿಯಲ್ಲಿ 53 ರನ್ ಗಳಿಸಿ ನಿಂತಿದ್ದರಿಂದ ಹೈದರಾಬಾದ್ 143ಕ್ಕೆ ಮುಟ್ಟಿತು. ಬೆಂಗಳೂರು 137ಕ್ಕೆ ನಿಂತಿತು. ಆರು ರನ್ ಸೋಲು. ಪಂದ್ಯಪುರುಷ ಪ್ರಶಸ್ತಿ ಸೋತ ತಂಡದ ಕುಂಬ್ಳೆಗೆ ಬಂತು. ಆ ರಾತ್ರಿ ಟಿ.ವಿ. ಮುಂದೆ ಕೂತಿದ್ದ ಕನ್ನಡಿಗರಿಗೆ ಆ ಪ್ರಶಸ್ತಿಯಿಂದ ಸಮಾಧಾನವೇನೂ ಆಗಲಿಲ್ಲ.

ಗೆದ್ದವರ ಕಥೆ ನೋಡಿ. ಡೆಕ್ಕನ್ ಚಾರ್ಜರ್ಸ್ ಮೊದಲ ವರ್ಷ 14 ಪಂದ್ಯಗಳಲ್ಲಿ ಎರಡನ್ನಷ್ಟೇ ಗೆದ್ದು ಕಟ್ಟಕಡೆಗೆ ನಿಂತಿದ್ದ ತಂಡ. ಎರಡನೇ ವರ್ಷವೇ ಚಾಂಪಿಯನ್. ಇಂಥ ಏರಿಕೆಯನ್ನು ಯಾವ ಮಾಲೀಕ ತಾನೇ ತನ್ನ ಸಾಧನೆ ಎಂದು ಹೇಳಿಕೊಳ್ಳುವುದಿಲ್ಲ? ಮಾಲೀಕರು ಹೈದರಾಬಾದಿನ ಪತ್ರಿಕಾ ಸಂಸ್ಥೆ ಡೆಕ್ಕನ್ ಕ್ರಾನಿಕಲ್ ಹೋಲ್ಡಿಂಗ್ಸ್. 2008ರಲ್ಲಿ ಸುಮಾರು 10.7 ಕೋಟಿ ಡಾಲರಿಗೆ ತಂಡ ಕೊಂಡಿದ್ದರು. 2012ರ ಹೊತ್ತಿಗೆ ಸಂಸ್ಥೆ ಸಾಲದಲ್ಲಿ ಮುಳುಗಿತು. ಆಟಗಾರರಿಗೂ ವಿದೇಶಿ ಕ್ರಿಕೆಟ್ ಮಂಡಳಿಗಳಿಗೂ ಕೊಡಬೇಕಾದ ಹಣ ಬಾಕಿ ಬಿತ್ತು. ತಂಡವನ್ನು ಮಾರುವ ಪ್ರಯತ್ನ ಫಲಿಸಲಿಲ್ಲ. ಆ ಸೆಪ್ಟೆಂಬರಿನಲ್ಲಿ ಬಿಸಿಸಿಐ ಒಪ್ಪಂದವನ್ನೇ ರದ್ದುಮಾಡಿತು. ಅಕ್ಟೋಬರಿನಲ್ಲಿ ಹೈದರಾಬಾದಿನ ಹಕ್ಕು ಸನ್ ಟಿ.ವಿ.ಗೆ ಹೋಯಿತು, ಹೊಸ ಹೆಸರು, ಹೊಸ ಬಣ್ಣ ಬಂದವು. ರದ್ದತಿಯ ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. 2020ರಲ್ಲಿ ಮಧ್ಯಸ್ಥಗಾರರು ಹಳೆಯ ಮಾಲೀಕರಿಗೆ ಸುಮಾರು 4,800 ಕೋಟಿ ರೂಪಾಯಿ ಕೊಡಬೇಕೆಂದು ತೀರ್ಪಿತ್ತರು. ಮರುವರ್ಷ ಬಾಂಬೆ ಹೈಕೋರ್ಟ್ ಅದನ್ನು ತಳ್ಳಿಹಾಕಿತು.

ಕಪ್ ಎಣಿಸುವ ಪಟ್ಟಿಯಲ್ಲಿ ಡೆಕ್ಕನ್ ಚಾರ್ಜರ್ಸ್ ಹೆಸರಿನ ಮುಂದೆ ಈಗಲೂ ಒಂದು ಎಂದೇ ಇದೆ. ಆದರೆ ಆ ಒಂದನ್ನು ತನ್ನದೆಂದು ಹೇಳಿಕೊಳ್ಳಲು ತಂಡವೇ ಇಲ್ಲ. ಸನ್‌ರೈಸರ್ಸ್ ಅಭಿಮಾನಿಗೆ 2016 ನೆನಪು, 2009 ಬೇರೆಯವರ ನೆನಪು. ಸಿಕಂದರಾಬಾದಿನ ಯಾವುದೋ ಮನೆಯ ಬೀರುವಿನಲ್ಲಿ ಆ ಗೂಳಿಯ ಚಿತ್ರದ ಹಳೆಯ ಜೆರ್ಸಿ ಮಡಿಸಿಟ್ಟುಕೊಂಡವನು ಇವತ್ತು ಯಾವ ತಂಡದ ಅಭಿಮಾನಿ?

ಕಪ್ಪಿನಿಂದ ಮಾಲೀಕನನ್ನು ತೂಗುವ ಅಭ್ಯಾಸ ಅಮೆರಿಕದಲ್ಲೂ ಇದೆ. ಅಲ್ಲಿ ಲಾಸ್ ಏಂಜಲೀಸ್ ಲೇಕರ್ಸ್ ಬ್ಯಾಸ್ಕೆಟ್‌ಬಾಲ್ ತಂಡದ ಜೆರ್ರಿ ಬಸ್ ಎಂದರೆ ಹತ್ತು ಕಿರೀಟ. ನ್ಯೂಯಾರ್ಕ್ ಯಾಂಕೀಸಿನ ಜಾರ್ಜ್ ಸ್ಟೈನ್‌ಬ್ರೆನರ್ ಎಂದರೆ ಏಳು ವರ್ಲ್ಡ್ ಸೀರೀಸ್. ಬೇಸ್‌ಬಾಲಿನಲ್ಲಿ ಸಂಬಳಕ್ಕೆ ಬಿಗಿಯಾದ ಮಿತಿ ಇಲ್ಲದ್ದರಿಂದ ಸ್ಟೈನ್‌ಬ್ರೆನರ್ ದುಡ್ಡು ಸುರಿದು ಆಟಗಾರರನ್ನು ತಂದರು, ಮ್ಯಾನೇಜರುಗಳನ್ನು ಮತ್ತೆಮತ್ತೆ ಬದಲಿಸಿದರು. ಅಲ್ಲಿ ಕಪ್ಪಿಗೂ ಮಾಲೀಕನ ಕೈಗೂ ನಂಟಿದೆ ಎಂದು ಒಪ್ಪೋಣ.

ಐಪಿಎಲ್ ಹಾಗಲ್ಲ. ಹರಾಜಿನಲ್ಲಿ ಎಲ್ಲರ ಥೈಲಿಗೂ ಒಂದೇ ಮಿತಿ, 2025ರಲ್ಲಿ ಅದು ತಲಾ 120 ಕೋಟಿ ರೂಪಾಯಿ. ಎಷ್ಟೇ ಶ್ರೀಮಂತನಾದರೂ ಅದರ ಮೇಲೆ ಒಂದು ರೂಪಾಯಿ ಸುರಿಯುವಂತಿಲ್ಲ. ಮೇಲಾಗಿ ಆಟ ಇಪ್ಪತ್ತು ಓವರಿನದು, ಟಾಸು, ಇಬ್ಬನಿ, ಒಂದು ಕೈಬಿಟ್ಟ ಕ್ಯಾಚು ಪಂದ್ಯವನ್ನೇ ತಿರುಗಿಸುತ್ತವೆ. ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಎಲ್ಲ ತಂಡಗಳೂ ಸಮಬಲ ಎಂದುಕೊಳ್ಳಿ. 2008ರಿಂದ 2024ರವರೆಗಿನ 17 ವರ್ಷಗಳಲ್ಲಿ ಹನ್ನೊಂದು ವರ್ಷ ಎಂಟು ತಂಡ, ಎರಡು ವರ್ಷ ಒಂಬತ್ತು, ನಾಲ್ಕು ವರ್ಷ ಹತ್ತು ತಂಡ ಆಡಿವೆ. ಬರೀ ಅದೃಷ್ಟದ ಮೇಲೆ ಬಿಟ್ಟರೂ ಯಾವುದೇ ಒಂದು ತಂಡ ಈ ಹದಿನೇಳೂ ವರ್ಷ ಬರಿಗೈಯಲ್ಲಿರುವ ಸಾಧ್ಯತೆ ಶೇಕಡಾ 12ರ ಆಸುಪಾಸು. ಮೊದಲಿಂದಲೂ ಇರುವ ತಂಡಗಳು ಏಳು ಎಂದರೆ, ಅವುಗಳಲ್ಲಿ ಒಂದಾದರೂ ಬರಿಗೈಯಲ್ಲಿ ಉಳಿಯುವುದು ಅಚ್ಚರಿಯೇ ಅಲ್ಲ. ಬೆಂಗಳೂರಿನ ಜತೆ ದೆಹಲಿ, ಪಂಜಾಬ್ ಕೂಡ ಹಾಗೇ ಉಳಿದವು. ನಾವು ಹದಿನೇಳು ವರ್ಷ ಯಾರ ಹಣೆಬರಹ, ಯಾರ ದುರಾಡಳಿತ ಎಂದು ಜಗಳವಾಡಿದ್ದರಲ್ಲಿ ಒಂದು ಪಾಲು ಬರೀ ದಾಳದ ಆಟ. ಹಾಗೆಂದು ಐದೈದು ಸಲ ಗೆದ್ದ ಚೆನ್ನೈ, ಮುಂಬೈಗಳ ಜಾಣ್ಮೆಯನ್ನು ನಾನು ಕಡೆಗಣಿಸುವುದಿಲ್ಲ, ಅದೃಷ್ಟ ಅಷ್ಟು ಸಲ ಒಬ್ಬರ ಮನೆಗೇ ಬರುವುದಿಲ್ಲ. ಆದರೆ ಐದು ಸಲ ಗೆದ್ದ ಚೆನ್ನೈ ಮತ್ತು ಮೊಟ್ಟಮೊದಲ ಕಪ್ ಗೆದ್ದ ರಾಜಸ್ಥಾನ ಎರಡೂ 2016, 2017ರಲ್ಲಿ ಆಡಲೇ ಇಲ್ಲ. ಮಾಲೀಕ ವರ್ಗಕ್ಕೆ ಸೇರಿದವರು ಬೆಟ್ಟಿಂಗಿನಲ್ಲಿ ತೊಡಗಿದ್ದರೆಂದು ಲೋಧಾ ಸಮಿತಿ ಎರಡು ವರ್ಷ ಅಮಾನತು ಮಾಡಿತ್ತು. ಆ ಎರಡು ವರ್ಷವನ್ನು ಕಪ್ಪಿನ ಪಟ್ಟಿಯಲ್ಲಿ ಯಾವ ಕಾಲಮ್ಮಿಗೆ ಬರೆಯುತ್ತೀರಿ?

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಪೋರ್ಟ್ಸ್‌ಮತ್ ಊರಿನ ಫುಟ್‌ಬಾಲ್ ಕ್ಲಬ್ಬಿನ ಕಥೆ ನನ್ನನ್ನು ಹೆಚ್ಚು ಕಾಡಿದ್ದು. ನೌಕಾನೆಲೆಯ ಊರು, ಹಡಗುಕಟ್ಟೆಯ ಕಾರ್ಮಿಕರ ಊರು, ಸಣ್ಣ ಹಳೆಯ ಮೈದಾನ. ಅಲೆಕ್ಸಾಂಡರ್ ಗೈದಮಾಕ್ ಮಾಲೀಕರಾಗಿದ್ದಾಗ, 2008ರ ಮೇ 17ರಂದು, ನೈಜೀರಿಯಾದ ಕಾನು ಹೊಡೆದ ಒಂದೇ ಗೋಲಿನಿಂದ ಕಾರ್ಡಿಫ್ ತಂಡವನ್ನು ಸೋಲಿಸಿ ಎಫ್‌ಎ ಕಪ್ ಗೆದ್ದರು. 1939ರ ನಂತರ ಆ ಊರಿಗೆ ಬಂದ ಮೊದಲ ಎಫ್‌ಎ ಕಪ್. ಇಡೀ ಊರು ಬೀದಿಗೆ ಬಂದು ಕುಣಿಯಿತು.

ಆಟಗಾರರ ಸಂಬಳ ಮಾತ್ರ ಕ್ಲಬ್ಬಿನ ಆದಾಯಕ್ಕೆ ನಿಲುಕುವಂಥದ್ದಾಗಿರಲಿಲ್ಲ. ಮಾಲೀಕರು 2009ರಲ್ಲಿ ಕೈತೊಳೆದುಕೊಂಡರು. ಆಮೇಲೆ ಒಬ್ಬರ ಹಿಂದೊಬ್ಬರು ಮಾಲೀಕರು ಬಂದರು, ಸಂಬಳ ತಿಂಗಳುಗಟ್ಟಲೆ ತಡವಾಯಿತು. 2010ರ ಫೆಬ್ರುವರಿಯಲ್ಲಿ ಪ್ರೀಮಿಯರ್ ಲೀಗಿನ ಇತಿಹಾಸದಲ್ಲೇ ಮೊದಲ ಬಾರಿಗೆ ಒಂದು ಕ್ಲಬ್ ದಿವಾಳಿ ಆಡಳಿತಗಾರರ ಕೈಗೆ ಹೋಯಿತು. ಸಾಲ ಹತ್ತು ಕೋಟಿ ಪೌಂಡಿಗೂ ಮಿಕ್ಕಿತ್ತು. ಆಡಳಿತಗಾರರು ಬಾಕಿ ಬರಬೇಕಿದ್ದವರ ಪಟ್ಟಿ ಪ್ರಕಟಿಸಿದರು. ಅದರಲ್ಲಿ ತೆರಿಗೆ ಇಲಾಖೆ ಇತ್ತು, ಏಜೆಂಟರು ಇದ್ದರು, ಸ್ಥಳೀಯ ವ್ಯಾಪಾರಿಗಳು ಇದ್ದರು. ಪಂದ್ಯದ ದಿನ ಮೈದಾನದಂಚಿನಲ್ಲಿ ನಿಂತು ಪ್ರಥಮ ಚಿಕಿತ್ಸೆ ಕೊಡುವ ಸೇಂಟ್ ಜಾನ್ ಆಂಬ್ಯುಲೆನ್ಸ್ ಎಂಬ ಸ್ವಯಂಸೇವಾ ಸಂಸ್ಥೆಯೂ ಇತ್ತು. ಅದಕ್ಕೆ ಬರಬೇಕಿದ್ದದ್ದು 2,700 ಪೌಂಡಿನ ಆಸುಪಾಸು. ಫುಟ್‌ಬಾಲ್ ಲೋಕದ ನಿಯಮದಂತೆ ಬೇರೆ ಕ್ಲಬ್ಬುಗಳ, ಆಟಗಾರರ ಬಾಕಿಯನ್ನು ಪೂರ್ತಿ ತೀರಿಸಲೇಬೇಕು. ಉಳಿದವರಿಗೆ ಪೌಂಡಿಗೆ 20 ಪೆನ್ಸ್ ಎಂಬ ಒಪ್ಪಂದವಾಯಿತು. ಗಾಯಾಳುವಿಗೆ ಪಟ್ಟಿ ಕಟ್ಟಲು ಬಂದವರು ಆ ಕಪ್ಪಿನ ಬೆಲೆಯಲ್ಲಿ ಒಂದು ಪಾಲು ತೆತ್ತರು ಎಂದೇ ನಾನು ಇದನ್ನು ಓದಿಕೊಳ್ಳುತ್ತೇನೆ.

ಕಪ್ ಗೆದ್ದ ಐದೇ ವರ್ಷಕ್ಕೆ, 2013ರಲ್ಲಿ, ಪೋರ್ಟ್ಸ್‌ಮತ್ ನಾಲ್ಕನೇ ದರ್ಜೆಯ ಲೀಗಿಗೆ ಜಾರಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಅಭಿಮಾನಿಗಳು ತಲಾ ಸಾವಿರ ಪೌಂಡ್ ಹಾಕಿ ಟ್ರಸ್ಟ್ ಮೂಲಕ ಕ್ಲಬ್ಬನ್ನು ಕೊಂಡರು. ಮೇಸ್ತ್ರಿಗಳು, ಶಿಕ್ಷಕರು, ನಿವೃತ್ತರು ಮಾಲೀಕರಾದರು. ಒಂದೂವರೆ ವರ್ಷದಲ್ಲಿ ಹಳೆಯ ಸಾಲ ತೀರಿತು. ಅವರ ಕಾಲದಲ್ಲಿ ಬಂದ ಪ್ರಶಸ್ತಿ 2017ರ ನಾಲ್ಕನೇ ದರ್ಜೆಯ ಚಾಂಪಿಯನ್‌ಪಟ್ಟ, ಅಷ್ಟೇ. ಎಫ್‌ಎ ಕಪ್ಪಿನ ಮುಂದೆ ಅದು ಯಾವ ಲೆಕ್ಕ ಎನ್ನಬಹುದು. ನನ್ನ ಮಟ್ಟಿಗೆ ಆ ಕ್ಲಬ್ ಕಂಡ ಅತ್ಯುತ್ತಮ ಮಾಲೀಕರು ಅವರೇ. 2008ರ ಸಂಭ್ರಮವನ್ನು ವಾಪಸು ಕೊಡಿ ಎಂದರೆ ಅಲ್ಲಿನ ಅಭಿಮಾನಿ ಕೊಡಲಿಕ್ಕಿಲ್ಲ, ಅದು ನನಗೆ ಅರ್ಥವಾಗುತ್ತದೆ. ಸಂಭ್ರಮ ಅಭಿಮಾನಿಯದು, ಅವನು ಇಟ್ಟುಕೊಳ್ಳಲಿ. ನಾನು ಕೇಳುತ್ತಿರುವುದು ಮಾಲೀಕನ ಖಾತೆಗೆ ಏನು ಬರೆಯಬೇಕು ಎಂದು.

ಅಮೆರಿಕದಲ್ಲೂ ಕಪ್ಪಿನ ಅಳತೆ ಒಮ್ಮೆ ಮುರಿದುಬಿದ್ದಿದೆ. ಅಮೆರಿಕನ್ ಫುಟ್‌ಬಾಲಿನ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದ ಮಾಲೀಕ ಆರ್ಟ್ ಮೊಡೆಲ್ 1964ರಲ್ಲಿ ಚಾಂಪಿಯನ್ ಆದವರು. 1995ರ ನವೆಂಬರಿನಲ್ಲಿ, ಊರಿನ ಸ್ಟೇಡಿಯಂ ಸರಿಯಿಲ್ಲ, ನಷ್ಟ ಎಂದು ತಂಡವನ್ನು ಬಾಲ್ಟಿಮೋರಿಗೆ ಒಯ್ಯುವುದಾಗಿ ಘೋಷಿಸಿದರು. ಕ್ಲೀವ್‌ಲ್ಯಾಂಡ್ ಕೋರ್ಟಿಗೆ ಹೋಗಿ ತಂಡದ ಹೆಸರು, ಬಣ್ಣ, ದಾಖಲೆಗಳನ್ನಾದರೂ ಉಳಿಸಿಕೊಂಡಿತು. ಮೊಡೆಲ್ ಅವರ ತಂಡ ಹೊಸ ಊರಿನಲ್ಲಿ 2001ರ ಜನವರಿಯಲ್ಲಿ ಸೂಪರ್ ಬೌಲ್ ಗೆದ್ದಿತು. ಅವರು 2012ರಲ್ಲಿ ತೀರಿಕೊಂಡಾಗ ಲೀಗಿನ ಬೇರೆ ಮೈದಾನಗಳಲ್ಲಿ ಗೌರವ ಸಲ್ಲಿಸಿದರು. ಕ್ಲೀವ್‌ಲ್ಯಾಂಡಿನಲ್ಲಿ ಮಾತ್ರ ಬೇಡವೆಂದು ಕುಟುಂಬದವರೇ ಕೇಳಿಕೊಂಡರು. ಎರಡು ಚಾಂಪಿಯನ್‌ಪಟ್ಟಗಳಿದ್ದೂ ಆ ಆಟದ ಹಾಲ್ ಆಫ್ ಫೇಮ್‌ನಲ್ಲಿ ಅವರಿಗೆ ಜಾಗ ಸಿಕ್ಕಿಲ್ಲ.

ಹಾಗಾದರೆ ಮಾಲೀಕನನ್ನು ಯಾವುದರಿಂದ ಅಳೆಯಬೇಕು? ಉತ್ತರಕ್ಕೆ ನಾನು ದೂರ ಹೋಗಬೇಕಿಲ್ಲ, ಇವತ್ತಿನ ಈ ದತ್ತಿ ಉಪನ್ಯಾಸದ ಸಭೆಯೇ ಇದೆ. ದತ್ತಿ ಇಟ್ಟವರು ಮೂಲಧನವನ್ನು ಮುಟ್ಟಬಾರದು, ಬಡ್ಡಿಯಲ್ಲಿ ಕಾರ್ಯಕ್ರಮ ನಡೆಯಬೇಕು ಎಂದು ಬರೆದಿಟ್ಟು ಹೋಗಿರುತ್ತಾರೆ. ಅವರು ಇಲ್ಲದ ವರ್ಷವೂ ಸಭೆ ಸೇರುತ್ತದೆ. ತಂಡದ ಮೂಲಧನ ಎಂದರೆ ಊರಿನ ನಂಬಿಕೆ, ಆಟಗಾರರ ಮತ್ತು ನೌಕರರ ಸಂಬಳ, ಮೈದಾನಕ್ಕೆ ಬರುವ ಜನರ ಕ್ಷೇಮ, ಮುಂದಿನ ಪೀಳಿಗೆಯ ಹುಡುಗ ಹುಡುಗಿಯರು. ಮಾಲೀಕ ಹೋದ ಮೇಲೆ ಇವು ಎಷ್ಟು ಉಳಿದಿವೆ ಎಂಬುದೇ ಅವನ ಗಳಿಕೆ. ಕಪ್ ಬಡ್ಡಿ, ಒಳ್ಳೆಯ ವರ್ಷದಲ್ಲಿ ಬರುತ್ತದೆ.

ಈ ಕಣ್ಣಿನಿಂದ ನಮ್ಮ ರಾಯಲ್ ಚಾಲೆಂಜರ್ಸನ್ನು ನೋಡೋಣ. 2008ರಲ್ಲಿ ವಿಜಯ್ ಮಲ್ಯ 11.16 ಕೋಟಿ ಡಾಲರಿಗೆ ಕೊಂಡರು, ಹೆಸರು ತಮ್ಮ ಕಂಪನಿಯ ವಿಸ್ಕಿಯದು. ಮೊದಲ ವರ್ಷ ಸೋಲಿನ ಮೇಲೆ ಸೋಲು ಬಂದಾಗ ಮುಖ್ಯ ಕಾರ್ಯನಿರ್ವಾಹಕರನ್ನು ನಡುವಿನಲ್ಲೇ ತೆಗೆದರು, ಆಗಿನ ನಾಯಕ ರಾಹುಲ್ ದ್ರಾವಿಡ್ ಆರಿಸಿದ ತಂಡದ ಬಗ್ಗೆ ಬಹಿರಂಗವಾಗಿ ಅಸಮಾಧಾನ ಹೇಳಿದರು. ನಾಯಕನನ್ನು ಸೋತ ಹೊತ್ತಿನಲ್ಲಿ ಹೀಗೆ ಬಿಟ್ಟುಕೊಡುವುದು ಮಾಲೀಕನಿಗೆ ತಕ್ಕದ್ದಲ್ಲ. ಆದರೆ ಅದೇ ವರ್ಷ 19 ವರ್ಷದೊಳಗಿನವರ ಪಟ್ಟಿಯಿಂದ, ದೆಹಲಿ ತಂಡ ಬೇರೆ ಹುಡುಗನನ್ನು ಆರಿಸಿಕೊಂಡ ಮೇಲೆ, ವಿರಾಟ್ ಕೊಹ್ಲಿ ಬೆಂಗಳೂರಿಗೆ ಬಂದರು. ಅಂದಿನಿಂದ ಐಪಿಎಲ್‌ನಲ್ಲಿ ಬೇರೆ ಜೆರ್ಸಿ ತೊಟ್ಟಿಲ್ಲ. ಮಲ್ಯರ ಕಾಲದಲ್ಲೇ ಗೇಲ್, ಡಿವಿಲಿಯರ್ಸ್ ಬಂದರು. ಕಪ್ ಸೊನ್ನೆ.

2014ರ ಹರಾಜಿನಲ್ಲಿ ಯುವರಾಜ್ ಸಿಂಗ್‌ಗೆ 14 ಕೋಟಿ ರೂಪಾಯಿ ಕೊಟ್ಟರು. ಮಲ್ಯರ ಕಿಂಗ್‌ಫಿಶರ್ ವಿಮಾನಗಳು ನೆಲಕಚ್ಚಿ ಆಗ ಒಂದು ವರ್ಷ ದಾಟಿತ್ತು, ನೌಕರರಿಗೆ ಸಂಬಳ ಬಂದಿರಲಿಲ್ಲ. ಆ ನೌಕರರು ಯುವರಾಜ್‌ಗೆ ಬಹಿರಂಗ ಪತ್ರ ಬರೆದರು: ನಮ್ಮ ಬಾಕಿ ತೀರುವವರೆಗೆ ಆ ತಂಡಕ್ಕೆ ಆಡಬೇಡಿ. ಐಪಿಎಲ್ ಹರಾಜಿನ ಚಪ್ಪಾಳೆಯ ನಡುವೆ ಆ ಪತ್ರ ಹೆಚ್ಚು ದಿನ ಯಾರ ಗಮನದಲ್ಲೂ ಉಳಿಯಲಿಲ್ಲ. ಮಲ್ಯ ಅವರ ಬಗ್ಗೆ ಬರೆಯುವ ಯಾರೇ ಆದರೂ ಅದನ್ನು ಕೊಹ್ಲಿಯ ಆಯ್ಕೆಯ ಪಕ್ಕದಲ್ಲೇ ಇಟ್ಟು ಬರೆಯಬೇಕು.

ಅವರು 2016ರಲ್ಲಿ ದೇಶ ಬಿಟ್ಟರು. ತಂಡ ಉಳಿಯಿತು. ಡೆಕ್ಕನ್ ಚಾರ್ಜರ್ಸಿಗೆ ಆದ ಗತಿ ಬೆಂಗಳೂರಿಗೆ ಆಗದಿದ್ದಕ್ಕೆ ಕಾರಣ ಸರಳ: ತಂಡ ಇದ್ದದ್ದು ಯುನೈಟೆಡ್ ಸ್ಪಿರಿಟ್ಸ್ ಕಂಪನಿಯ ಲೆಕ್ಕಪುಸ್ತಕದಲ್ಲಿ, ಆ ಕಂಪನಿಯ ಹಿಡಿತ ಅಷ್ಟರಲ್ಲಿ ಡಿಯಾಜಿಯೋ ಕೈಗೆ ಹೋಗಿತ್ತು. ಆಮೇಲಿನ ಮಾಲೀಕರ ಕಾಲದಲ್ಲಿ ಮೊದಲ ಕಪ್ ತಂದವರು ಹೆಣ್ಣುಮಕ್ಕಳು. 2024ರ ಮಾರ್ಚಿನಲ್ಲಿ ದೆಹಲಿಯಲ್ಲಿ ಸ್ಮೃತಿ ಮಂಧಾನ ನಾಯಕತ್ವದ ತಂಡ ಮಹಿಳಾ ಪ್ರೀಮಿಯರ್ ಲೀಗ್ ಗೆದ್ದಿತು, ನಮ್ಮ ಶ್ರೇಯಾಂಕಾ ಪಾಟೀಲ್ ಫೈನಲಿನಲ್ಲಿ 12 ರನ್ನಿಗೆ 4 ವಿಕೆಟ್ ಕಿತ್ತರು. ಮರುವರ್ಷ ಜೂನ್ 3ರಂದು ಅಹಮದಾಬಾದಿನಲ್ಲಿ ರಜತ್ ಪಾಟಿದಾರ್ ತಂಡ ಪಂಜಾಬನ್ನು ಆರು ರನ್ನಿನಿಂದ ಮಣಿಸಿತು. 2009ರಲ್ಲಿ ಸೋತದ್ದೂ ಆರು ರನ್ನಿನಿಂದಲೇ. ನಿವೃತ್ತರಾಗಿದ್ದ ಡಿವಿಲಿಯರ್ಸ್, ಗೇಲ್ ಇಬ್ಬರೂ ಅಂದು ಮೈದಾನದಲ್ಲಿದ್ದರು, ಕೊಹ್ಲಿ ಅವರನ್ನು ಸಂಭ್ರಮಕ್ಕೆ ಸೇರಿಸಿಕೊಂಡರು. ‘ಈ ಸಲ ಕಪ್ ನಮ್ದೇ’ ಎಂದು ವರ್ಷವರ್ಷವೂ ಹೇಳಿದವರಿಗೆ ಆ ರಾತ್ರಿ ಏನಾಯಿತು ಎಂಬುದನ್ನು ನಾನು ವಿವರಿಸಬೇಕಿಲ್ಲ.

2025ರ ಈ ಐಪಿಎಲ್ ಕಪ್ ಯಾವ ಮಾಲೀಕನದು? ಪಟ್ಟಿ ಮಾಡುವವರು ಅದರ ಲೆಕ್ಕದಲ್ಲಿ ಮಲ್ಯಗೆ ಸೊನ್ನೆ, ಆಮೇಲಿನವರಿಗೆ ಒಂದು ಎನ್ನುತ್ತಾರೆ. ಕೊಹ್ಲಿಯನ್ನು ತಂದದ್ದು ಅವರ ಕಾಲ, ಉಳಿಸಿಕೊಂಡದ್ದು ಇವರ ಕಾಲ, ಸೋತರೂ ಸ್ಟೇಡಿಯಂ ತುಂಬಿಸಿದ್ದು ಎರಡೂ ಕಾಲದ ಜನ. ಇದನ್ನು ಅಂಕಿಯಲ್ಲಿ ಹಂಚಲು ಬರುವುದಿಲ್ಲ.

ಮಾಲೀಕ ಎಂಬ ಮಾತನ್ನು ಯಾರೂ ಬಳಸದೆ ತಂಡ ನಡೆಸಿದ ಕಾಲವೂ ಬೆಂಗಳೂರಿಗೆ ಇತ್ತು. ಎಚ್‌ಎಎಲ್, ಐಟಿಐ ಕಾರ್ಖಾನೆಗಳ ಫುಟ್‌ಬಾಲ್ ತಂಡಗಳು ರಾಷ್ಟ್ರೀಯ ಲೀಗಿನವರೆಗೆ ಹೋದವು. ಕ್ರಿಕೆಟಿಗ ಜಿ.ಆರ್. ವಿಶ್ವನಾಥ್ ಸ್ಟೇಟ್ ಬ್ಯಾಂಕ್ ನೌಕರರಾಗಿದ್ದವರು. ಆ ಸಂಸ್ಥೆಗಳ ಕಪಾಟಿನಲ್ಲಿ ಎಷ್ಟು ಕಪ್ ಇವೆ ಎಂದು ಇವತ್ತು ಯಾರಿಗೂ ನೆನಪಿಲ್ಲ. ಆದರೆ ಮೊಣಕಾಲು ಕೈಕೊಟ್ಟ ಮೇಲೂ ಆಟಗಾರನಿಗೆ ಒಂದು ಮೇಜು, ಒಂದು ಸಂಬಳ, ಆಮೇಲೆ ಪಿಂಚಣಿ ಇತ್ತು. ನಂತರ 2013ರಲ್ಲಿ ಜಿಂದಾಲರ ಜೆಎಸ್‌ಡಬ್ಲ್ಯೂ ಕಟ್ಟಿದ ಬೆಂಗಳೂರು ಎಫ್‌ಸಿ ಮೊದಲ ಪ್ರಯತ್ನದಲ್ಲೇ ಐ-ಲೀಗ್ ಗೆದ್ದಿತು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ಮುಟ್ಟಿದ ಮೊದಲ ಭಾರತೀಯ ಕ್ಲಬ್ ಆಯಿತು. ಅದಕ್ಕಿಂತ ನನಗೆ ಮುಖ್ಯವಾದದ್ದು ಬಳ್ಳಾರಿ ಸೀಮೆಯ ವಿಜಯನಗರದಲ್ಲಿ ಅವರು ಕಟ್ಟಿದ ಕ್ರೀಡಾ ಸಂಸ್ಥೆ, ಅಲ್ಲಿನ ಹಾಸ್ಟೆಲಿನಲ್ಲಿ ಓದುತ್ತಾ ಆಡುವ ಮಕ್ಕಳು. ಅದೇ ಕ್ಲಬ್ 2025ರ ಆಗಸ್ಟಿನಲ್ಲಿ, ಇಂಡಿಯನ್ ಸೂಪರ್ ಲೀಗ್ ನಡೆಯುವುದೇ ಅನಿಶ್ಚಿತ ಎಂದು ಮುಖ್ಯ ತಂಡದ ಸಂಬಳ ನಿಲ್ಲಿಸಿತು. ಲೀಗ್ ನಿಂತದ್ದು ಕ್ಲಬ್ಬಿನ ತಪ್ಪಲ್ಲ ಎಂದು ಗೊತ್ತು. ಆದರೂ ಮಾಲೀಕನ ಪರೀಕ್ಷೆ ಅಂಥ ತಿಂಗಳಲ್ಲೇ ಆಗುವುದು.

ಕೊನೆಗೆ 2025ರ ಜೂನ್ 4. ಕಪ್ ಬಂದ ಮರುದಿನ. ಬೆಳಿಗ್ಗೆ ತಂಡದ ಸಾಮಾಜಿಕ ಜಾಲತಾಣ ಖಾತೆಗಳಿಂದ ವಿಜಯೋತ್ಸವದ ಕರೆ ಹೋಯಿತು. ಚಿನ್ನಸ್ವಾಮಿ ಕ್ರೀಡಾಂಗಣದ ಒಳಗೆ ಹಿಡಿಸುವುದು ಮೂವತ್ತೈದು ಸಾವಿರದಷ್ಟು ಜನ. ಲಕ್ಷಗಟ್ಟಲೆ ಜನ ಬಂದರು. ಗೇಟಿನ ಹೊರಗಿನ ಕಾಲ್ತುಳಿತದಲ್ಲಿ 11 ಮಂದಿ ಸತ್ತರು, ಹೆಚ್ಚಿನವರು ಎಳೆಯ ವಯಸ್ಸಿನವರು. ಕಾನೂನಿನ ಹೊಣೆ ತಂಡದ್ದೆಷ್ಟು, ಆಯೋಜಕರದ್ದೆಷ್ಟು, ಕ್ರಿಕೆಟ್ ಸಂಸ್ಥೆಯದ್ದೆಷ್ಟು, ಪೊಲೀಸರದ್ದೆಷ್ಟು, ಸರಕಾರದ್ದೆಷ್ಟು ಎಂಬುದನ್ನು ನ್ಯಾಯಾಲಯ ಹೇಳಲಿ. ಮಾಲೀಕನ ಖಾತೆಯ ಮಾತು ಬೇರೆ. ಅಭಿಮಾನಿಯನ್ನು ‘ಬಾ’ ಎಂದು ಕರೆದವನು ಅವನು ಮನೆ ಮುಟ್ಟುವವರೆಗೂ ಬಾಧ್ಯಸ್ಥ.

ಮೃತರ ಕುಟುಂಬಗಳಿಗೆ ತಂಡ ತಲಾ 25 ಲಕ್ಷ ರೂಪಾಯಿ ಘೋಷಿಸಿತು. ಅದನ್ನು ನಾನು ಸಣ್ಣದು ಎನ್ನುವುದಿಲ್ಲ. ಆದರೆ ಇನ್ನು ಮುಂದೆ ಈ ತಂಡ ಯಾರ ಕೈಯಲ್ಲಿರಲಿ, ನನ್ನ ಕೋರಿಕೆ ಇಷ್ಟು. ಪ್ರತಿ ಋತುವಿಗೆ ಮುಂಚೆ ಮಾಲೀಕರು ಒಂದು ಪುಟ ಪ್ರಕಟಿಸಲಿ: ಪಂದ್ಯದ ದಿನ ಎಷ್ಟು ಗೇಟು ತೆರೆದಿರುತ್ತವೆ, ಪ್ರತಿ ಗೇಟಿನಲ್ಲಿ ಎಷ್ಟು ಸಿಬ್ಬಂದಿ, ಆಂಬ್ಯುಲೆನ್ಸ್ ಎಲ್ಲಿ ನಿಂತಿರುತ್ತದೆ, ಅದರ ಬಿಲ್ಲು ಪಾವತಿಯಾಗಿದೆಯೇ, ಎಷ್ಟು ನೌಕರರ ಎಷ್ಟು ತಿಂಗಳ ಸಂಬಳ ಬಾಕಿ ಇದೆ, ಈ ವರ್ಷ ಕರ್ನಾಟಕದ ಎಷ್ಟು ಹುಡುಗ ಹುಡುಗಿಯರಿಗೆ ತರಬೇತಿ ಕೊಟ್ಟರು. ಹರಾಜಿನ ದಿನ ಥೈಲಿಯಲ್ಲಿ ಉಳಿದ ಲಕ್ಷಗಳನ್ನು ಬಾಯಿಪಾಠ ಹೇಳುವ ನಾವು ಆ ಪುಟವನ್ನೂ ಅಷ್ಟೇ ಆಸಕ್ತಿಯಿಂದ ಓದಬೇಕು, ಬಾರದಿದ್ದರೆ ಕೇಳಬೇಕು.